‘ತ್ಯಾಗ’ ಪರಿಕಲ್ಪನೆಯ ಮರುಪರಿಶೀಲನೆ: ಕರ್ನಾಟಕದ ಇಬ್ಬರು ಹೋರಾಟಗಾರ್ತಿಯರು

ಕರ್ನಾಟಕದ ಸ್ವಾತಂತ್ರ್ಯ ಚಳವಳಿಯನ್ನು ಕುರಿತ ಬರಹಗಳಲ್ಲಿ ಮಹಿಳೆಯರ ಪಾತ್ರವನ್ನು ವಿವರಿಸಲು ಮತ್ತೆ ಮತ್ತೆ ಬಳಕೆಯಾಗುವ ಪದ ‘ತ್ಯಾಗ’. ಗೌರವಸೂಚಕವಾದ ಈ ಪದವು ಅವರ ಸಂಘಟನಾ ಸಾಮರ್ಥ್ಯವನ್ನೂ ರಾಜಕೀಯ ನಿಲುವನ್ನೂ ಮರೆಮಾಡುತ್ತದೆ. ಇದನ್ನು ಉಮಾಬಾಯಿ ಕುಂದಾಪುರ (1892–1992) ಮತ್ತು ಯಶೋಧರಾ ದಾಸಪ್ಪ (1905–1980) ಅವರ ಬದುಕಿನ ಹಿನ್ನೆಲೆಯಲ್ಲಿ ಪರಿಶೀಲಿಸಬಹುದು.

ಹುಬ್ಬಳ್ಳಿಯನ್ನು ಕಾರ್ಯಕ್ಷೇತ್ರವಾಗಿಸಿಕೊಂಡಿದ್ದ ಉಮಾಬಾಯಿಯವರು 1923ರಲ್ಲಿ ಪತಿಯನ್ನು ಕಳೆದುಕೊಂಡರು. ಮರುವರ್ಷವೇ ನಾ. ಸು. ಹರ್ಡೀಕರರ ಸೇವಾದಳದ ಮೂಲಕ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ನೂರೈವತ್ತಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಕಲೆಹಾಕಿದರು. ಅವರಲ್ಲಿ ವಿಧವೆಯರೂ ಇದ್ದರು. ವಿಧವೆಯನ್ನು ಒಳಮನೆಗೆ ಸೀಮಿತಗೊಳಿಸಿದ್ದ ಸಮಾಜದಲ್ಲಿ ಈ ಕಾರ್ಯವು ರಾಷ್ಟ್ರಸೇವೆಯೊಂದಿಗೆ ಸಾರ್ವಜನಿಕ ಬದುಕಿನ ಹಕ್ಕನ್ನೂ ಪ್ರತಿಪಾದಿಸಿತು. 1932ರಲ್ಲಿ ಅವರು ಯರವಡಾ ಸೆರೆಮನೆ ಸೇರಿದರು. ಬಿಡುಗಡೆಯ ನಂತರ ದಿಕ್ಕುಗಾಣದ ಮಹಿಳೆಯರಿಗೆ ಅವರ ಮನೆಯೇ ಆಸರೆಯಾಯಿತು. ಹೋರಾಟೋತ್ತರ ಕಾಲವನ್ನು 1947ರಿಂದ ಎಣಿಸುವ ವಾಡಿಕೆಯನ್ನು ಈ ಸಂಗತಿ ಪ್ರಶ್ನಿಸುತ್ತದೆ. ಅನೇಕ ಮಹಿಳೆಯರ ಪಾಲಿಗೆ ಅದು ಸೆರೆಮನೆಯ ಬಾಗಿಲಲ್ಲೇ ಆರಂಭವಾಗಿತ್ತು.

ಬೆಂಗಳೂರಿನಲ್ಲಿ ಜನಿಸಿದ ಯಶೋಧರಾ ದಾಸಪ್ಪನವರ ಹಾದಿ ಭಿನ್ನವಾದುದು. ಮೈಸೂರು ಸಂಸ್ಥಾನದ ಚಳವಳಿಯಲ್ಲಿ ಬೆಳೆದ ಅವರು ಸ್ವಾತಂತ್ರ್ಯಾನಂತರ ರಾಜ್ಯದ ಸಚಿವೆಯಾದರು. ಪಾನನಿರೋಧದ ಪ್ರಶ್ನೆಯಲ್ಲಿ ಸರ್ಕಾರದೊಡನೆ ಭಿನ್ನಾಭಿಪ್ರಾಯ ಬಂದಾಗ ರಾಜೀನಾಮೆ ನೀಡಿದರು. 1972ರಲ್ಲಿ ಪದ್ಮಭೂಷಣ ಪ್ರಶಸ್ತಿ ಪಡೆದರು. 1930ರ ದಶಕದಲ್ಲಿ ಸತ್ಯಾಗ್ರಹಿ ಮಹಿಳೆಯರು ಹೆಂಡದಂಗಡಿಗಳ ಮುಂದೆ ನಡೆಸಿದ ಪಿಕೆಟಿಂಗನ್ನು ನೆನೆದರೆ, ಈ ರಾಜೀನಾಮೆಯು ಚಳವಳಿಯ ಕಾರ್ಯಸೂಚಿಯ ಮುಂದುವರಿಕೆಯಾಗಿ ತೋರುತ್ತದೆ.

ಇಬ್ಬರೂ ಕಸ್ತೂರಬಾ ಸ್ಮಾರಕ ನಿಧಿಯ ಕಾರ್ಯದಲ್ಲಿ ತೊಡಗಿದ್ದರೆಂಬುದು ಗಮನಾರ್ಹ. ಗ್ರಾಮೀಣ ಮಹಿಳೆ ಮತ್ತು ಮಕ್ಕಳ ಸೇವೆ ಹೋರಾಟಗಾರ್ತಿಯರಿಗೆ ಸಹಜವಾಗಿ ಒಪ್ಪಿತವಾದ ಕ್ಷೇತ್ರವಾಯಿತು. ಅಧಿಕಾರದ ಕ್ಷೇತ್ರ ಹಾಗಾಗಲಿಲ್ಲ. ಉಮಾಬಾಯಿಯವರು ಅಧಿಕಾರ, ಪಿಂಚಣಿಗಳೆರಡನ್ನೂ ನಿರಾಕರಿಸಿದರು. ಇದನ್ನು ತ್ಯಾಗವೆಂದಷ್ಟೇ ಕರೆದರೆ, ಪ್ರಭುತ್ವದಿಂದ ಪ್ರತಿಫಲ ಪಡೆಯಲೊಪ್ಪದ ರಾಜಕೀಯ ವಿವೇಕ ಅಲಕ್ಷಿತವಾಗುತ್ತದೆ. ಮಹಿಳೆಯರನ್ನು ಅಧಿಕಾರದಿಂದ ಹೊರಗಿಟ್ಟ ವ್ಯವಸ್ಥೆಯೂ ಅದೇ ಪದದ ಮರೆಯಲ್ಲಿ ಪ್ರಶ್ನಾತೀತವಾಗುತ್ತದೆ.

ಈ ಇಬ್ಬರ ಹೆಸರುಗಳಾದರೂ ಉಳಿದಿವೆ. ಉತ್ತರ ಕನ್ನಡದ ಸಿದ್ದಾಪುರ ಸೀಮೆಯ ಕರನಿರಾಕರಣೆಯಲ್ಲಿ, ಜಪ್ತಿಯಾದ ಆಸ್ತಿಯನ್ನು ಕೊಂಡವರ ಮನೆಯೆದುರು ಉಪವಾಸ ಕುಳಿತ ರೈತಮಹಿಳೆಯರಲ್ಲಿ ಹಲವರು ಸಮೂಹವಾಗಿಯಷ್ಟೇ ದಾಖಲಾಗಿದ್ದಾರೆ. ಪ್ರಾದೇಶಿಕ ಅಧ್ಯಯನಗಳು ಮೌಖಿಕ ನಿರೂಪಣೆಗಳತ್ತ ಹೊರಳಬೇಕಾದುದು ಇದರಿಂದಲೇ. ಮಹಿಳೆಯರು ಏನನ್ನು ತೊರೆದರು ಎಂಬುದರ ಜೊತೆಗೆ ಏನನ್ನು ಕಟ್ಟಿದರು, ಏನನ್ನು ನಿರಾಕರಿಸಿದರು ಎಂದು ಕೇಳಿದಾಗ ಮಾತ್ರ ಚರಿತ್ರೆಯಲ್ಲಿ ಅವರ ಕರ್ತೃತ್ವ ಗೋಚರವಾದೀತು.