ಪರರ ಮನೆಯೊಳಗಿನ ನೋಟ

ಬರೆದಿಟ್ಟ ಸಂಭಾಷಣೆಯಿಲ್ಲ, ಹೇಳಿಕೊಳ್ಳುವಂತಹ ಕತೆಯಿಲ್ಲ. ಹತ್ತಾರು ಜನ ಒಂದು ಮನೆಯಲ್ಲಿ ಉಣ್ಣುತ್ತಾರೆ, ಜಗಳವಾಡುತ್ತಾರೆ, ಅಳುತ್ತಾರೆ. ದಿನವಿಡೀ ದುಡಿದು ದಣಿದವರು ಇದನ್ನು ಕಣ್ಣು ಕೀಳದೆ ನೋಡುವುದೇಕೆ? ಪ್ರಿಯ ವಾಚಕರೇ, ಈ ಪ್ರಶ್ನೆಯನ್ನು ನೀವು ಎಂದಾದರೂ ಕೇಳಿಕೊಂಡಿದ್ದೀರಾ?

ಈ ಬಗೆಯ ರಿಯಾಲಿಟಿ ಶೋಗಳಲ್ಲಿ ಪ್ರಸಿದ್ಧವಾದ 'ಬಿಗ್ ಬ್ರದರ್' 1999ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಆರಂಭವಾಯಿತು. ಅದೇ ಮಾದರಿಯ 'ಬಿಗ್ ಬಾಸ್' 2006ರಲ್ಲಿ ಹಿಂದಿಗೂ 2013ರಲ್ಲಿ ಕನ್ನಡಕ್ಕೂ ಬಂತು. ನೋಡುವವರೆಲ್ಲ ಕೆಟ್ಟವರೆಂದು ಹೇಳಿ ಮುಗಿಸುವುದು ನ್ಯಾಯವಲ್ಲ. ಅದರ ಆಕರ್ಷಣೆಗೆ ಕಾರಣಗಳಿವೆ.

ಮೊದಲನೆಯದು ಕುತೂಹಲ. ಮುಚ್ಚಿದ ಬಾಗಿಲ ಹಿಂದೆ ಇತರರು ಹೇಗೆ ಬದುಕುತ್ತಾರೆಂದು ತಿಳಿಯುವ ಆಸೆ ಮನುಷ್ಯನಲ್ಲಿ ಸಹಜವಾಗಿದೆ. ಸಿನಿಮಾ ತಾರೆಯೂ ಅಲ್ಲಿ ಪಾತ್ರೆ ತೊಳೆಯುವಾಗ, 'ಇವರೂ ನಮ್ಮಂತೆಯೇ' ಎಂಬ ಸಮಾಧಾನವಾಗುತ್ತದೆ. ಎರಡನೆಯದು ಹೋಲಿಕೆ. ಅವರ ಜಗಳ ನೋಡಿದಾಗ ನಮ್ಮ ಮನೆಯ ಮನಸ್ತಾಪ ಚಿಕ್ಕದೆನಿಸುತ್ತದೆ. ಮೂರನೆಯದು ಅಧಿಕಾರ. ಎಲ್ಲಿಯೂ ತನ್ನ ಮಾತಿಗೆ ಬೆಲೆ ಸಿಗದವನಿಗೆ ಇಲ್ಲಿ ಒಂದು ಮತವಿದೆ. ಯಾರು ಉಳಿಯಬೇಕು, ಯಾರು ಹೊರಹೋಗಬೇಕು ಎಂಬ ತೀರ್ಪಿನಲ್ಲಿ ಅವನೂ ಪಾಲುದಾರ.

ಆದರೆ ತೀರ್ಪು ನೀಡುವವನು ನೋಡಿದ್ದೆಷ್ಟು? 1971ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಲೌಡ್ ಎಂಬ ಕುಟುಂಬದ ದಿನಚರಿಯನ್ನು ಏಳು ತಿಂಗಳ ಕಾಲ ಚಿತ್ರೀಕರಿಸಲಾಯಿತು. ಸುಮಾರು 300 ಗಂಟೆಗಳ ಆ ಚಿತ್ರೀಕರಣ 1973ರಲ್ಲಿ 'ಆ್ಯನ್ ಅಮೆರಿಕನ್ ಫ್ಯಾಮಿಲಿ' ಎಂಬ ಹೆಸರಿನಲ್ಲಿ ಪ್ರಸಾರವಾದಾಗ ಉಳಿದದ್ದು 12 ಕಂತುಗಳು, ಕಂತಿಗೆ ಒಂದು ಗಂಟೆ. ಆ ದಂಪತಿಯ ದಾಂಪತ್ಯ ಮುರಿದುಬಿದ್ದುದನ್ನೂ ಜನರು ನೋಡಿದರು. ಸಂತಸದ ಗಳಿಗೆಗಳನ್ನು ಬಿಟ್ಟು ಕಹಿಯನ್ನೇ ತೋರಿಸಲಾಗಿದೆಯೆಂದು ಆ ಕುಟುಂಬ ನೊಂದು ಹೇಳಿತು. ಅಷ್ಟರಲ್ಲಿ ವೀಕ್ಷಕರು ತಮ್ಮ ತೀರ್ಪು ಕೊಟ್ಟಾಗಿತ್ತು.

'ಅವರೇ ಒಪ್ಪಿ ಕ್ಯಾಮರಾದ ಮುಂದೆ ಬಂದಿದ್ದಾರೆ, ಇದು ಗೂಢಚರ್ಯೆ ಹೇಗಾದೀತು?' ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯಾದುದೇ. ಕದ್ದು ನೋಡುವುದಕ್ಕೂ ತೋರಿಸಿದ್ದನ್ನು ನೋಡುವುದಕ್ಕೂ ವ್ಯತ್ಯಾಸವಿದೆ. ಆದರೆ ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 12ನೆಯ ಸೂಕ್ತವು ಗೂಢಚರ್ಯೆಯೊಂದನ್ನೇ ನಿಷೇಧಿಸಿಲ್ಲ. ಅದಕ್ಕಿಂತ ಮೊದಲು ಗುಮಾನಿಯಿಂದಲೂ ಅನಂತರ ಪರದೂಷಣೆಯಿಂದಲೂ ನಮ್ಮನ್ನು ತಡೆದಿದೆ. ಪರದೆಯಲ್ಲಿ ತೋರಿಸಿದ ತುಣುಕಿನಿಂದ ಒಬ್ಬರ ಸ್ವಭಾವವನ್ನೇ ಅಳೆಯುವುದು ಗುಮಾನಿಯಲ್ಲದೆ ಇನ್ನೇನು? ಮರುದಿನ ಅದನ್ನೇ ನಾಲ್ಕು ಜನರೊಂದಿಗೆ ಆಡಿಕೊಳ್ಳುವುದು ಪರದೂಷಣೆಯಲ್ಲವೇ?

ನಿಜವಾದ ಅಪಾಯವಿರುವುದು ಟಿ.ವಿ. ಆರಿಸಿದ ಬಳಿಕ. ನೋಡಿ ನೋಡಿ ರೂಢಿಯಾದ ಕಣ್ಣು ಸೊಸೆಯ ಒಂದು ಮಾತನ್ನು, ನೆರೆಯವರ ಒಂದು ದಿನದ ಸಿಡುಕನ್ನು ಹಿಡಿದು ಅವರ ಇಡೀ ಬದುಕಿಗೆ ಅಂಕ ಹಾಕತೊಡಗುತ್ತದೆ. ಮಕ್ಕಳು ಅದನ್ನು ನೋಡಿ ಕಲಿಯುತ್ತಾರೆ.

ಆದುದರಿಂದ ನಿಮ್ಮ ಮನೆಯಲ್ಲಿ ಒಂದು ವಾರ ಪರೀಕ್ಷಿಸಿರಿ. ಆ ಕಾರ್ಯಕ್ರಮದ ಬಳಿಕ ನಿಮ್ಮವರ ಮಾತು ಯಾರ ಸುತ್ತ ಸುಳಿಯುತ್ತದೆಂದು ಗಮನಿಸಿರಿ. ಆ ಒಂದು ಗಂಟೆಯನ್ನು ಪಕ್ಕದಲ್ಲೇ ಕುಳಿತ ತಾಯಿಯ, ಮಗಳ ಮಾತು ಕೇಳಲು ಕೊಟ್ಟು ನೋಡಿರಿ. ಇತರರ ಬದುಕನ್ನು ಅರಿಯುವ ಹಂಬಲಕ್ಕೆ ಅದಕ್ಕಿಂತ ಉತ್ತಮವಾದ ದಾರಿಯಿಲ್ಲ.