ಗಂಡುಮಗುವಿನ ಹೆಸರು: ಆಯ್ಕೆಯ ಸ್ವಾತಂತ್ರ್ಯ ಮತ್ತು ನೋಂದಣಿಯ ನಿಯಮಗಳು

ಮಗುವಿಗೆ ಇಂಥದೇ ಹೆಸರಿಡಬೇಕೆಂದು ಭಾರತದ ಯಾವ ಕಾನೂನೂ ವಿಧಿಸುವುದಿಲ್ಲ. ಐಸ್‌ಲ್ಯಾಂಡ್, ಡೆನ್ಮಾರ್ಕ್‌ಗಳಲ್ಲಿ ಅಂಗೀಕೃತ ಹೆಸರುಗಳ ಪಟ್ಟಿಯೊಂದಿದ್ದು, ಪಟ್ಟಿಯ ಹೊರಗಿನ ಹೆಸರಿಗೆ ಪ್ರತ್ಯೇಕ ಒಪ್ಪಿಗೆ ಪಡೆಯಬೇಕಾಗುತ್ತದೆ. ಇಲ್ಲಿ ಅಂಥ ಪಟ್ಟಿಯೂ ಇಲ್ಲ, ಜಾತಿಸೂಚಕ ಪದವನ್ನಾಗಲಿ ಮನೆತನದ ಹೆಸರನ್ನಾಗಲಿ ಸೇರಿಸಲೇಬೇಕೆಂಬ ಕಟ್ಟುಪಾಡೂ ಇಲ್ಲ. ವ್ಯಕ್ತಿಯ ಹೆಸರು ಅವನ ಗುರುತಿನ ಅವಿಭಾಜ್ಯ ಅಂಶವೆಂದೂ, ಅದರ ಮೇಲಿನ ಅಧಿಕಾರ ಸಂವಿಧಾನದ 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಸೇರಿದ್ದೆಂದೂ ಸರ್ವೋಚ್ಚ ನ್ಯಾಯಾಲಯವು 2021ರ ಜೂನ್‌ನಲ್ಲಿ, ಶಾಲಾ ಪ್ರಮಾಣಪತ್ರಗಳಲ್ಲಿನ ಹೆಸರಿನ ಬದಲಾವಣೆಗೆ ಸಂಬಂಧಿಸಿದ ಪ್ರಕರಣದಲ್ಲಿ ಹೇಳಿದೆ. ಆದರೆ ತೊಟ್ಟಿಲಲ್ಲಿ ಕೂಗಿದ ಹೆಸರು ಜನನ ನೋಂದಣಿ ಪುಸ್ತಕದಲ್ಲಿ ದಾಖಲಾದ ಮೇಲೆಯೇ ಕಾನೂನಿನ ಕಣ್ಣಿಗೆ ಬೀಳುತ್ತದೆ. ಆಯ್ಕೆಯಲ್ಲಿ ಇರುವಷ್ಟು ಸಡಿಲು ದಾಖಲೆಯಲ್ಲಿ ಇಲ್ಲವೆಂಬುದನ್ನು ತಂದೆತಾಯಿ ಮೊದಲೇ ತಿಳಿದಿರಬೇಕು.

ಹೆಸರು ಎಲ್ಲರದರಂತೆ ಇರಬಾರದು, ಆದರೂ ಕೇಳಿದ ಕೂಡಲೇ ಗುರುತು ಹತ್ತಬೇಕು ಎಂಬ ಬಯಕೆಗೆ ಕಾನೂನಿನ ದೃಷ್ಟಿಯಿಂದಲೂ ಅರ್ಥವಿದೆ. ಒಂದೇ ಊರಿನಲ್ಲಿ ಒಂದೇ ಹೆಸರಿನ, ಒಂದೇ ಇನಿಷಿಯಲ್ಲಿನ ಇಬ್ಬರಿದ್ದಾಗ ಪಹಣಿಯಲ್ಲಿ, ಮತದಾರರ ಪಟ್ಟಿಯಲ್ಲಿ, ನ್ಯಾಯಾಲಯದ ಸಮನ್ಸಿನಲ್ಲಿ ಒಬ್ಬನನ್ನು ಇನ್ನೊಬ್ಬನೆಂದು ಭಾವಿಸುವ ಗೊಂದಲ ಹುಟ್ಟುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಯಾರೂ ಕೇಳದ ಹೆಸರಿಟ್ಟರೆ ಆಸ್ಪತ್ರೆಯ ಗುಮಾಸ್ತ ಒಂದು ಬಗೆಯಾಗಿ, ಶಾಲೆಯ ದಾಖಲಾತಿ ವಹಿ ಇನ್ನೊಂದು ಬಗೆಯಾಗಿ, ಆಧಾರ್ ಕೇಂದ್ರ ಮತ್ತೊಂದು ಬಗೆಯಾಗಿ ಬರೆದುಕೊಳ್ಳುತ್ತವೆ. ಈ ಎರಡರ ನಡುವಿನ ದಾರಿ ಕನ್ನಡದಲ್ಲಿ ಅಪರೂಪವೇನಲ್ಲ. ಮಯೂರ, ಪುಲಕೇಶಿ, ರನ್ನ, ಅಲ್ಲಮ ಮುಂತಾದ ಹೆಸರುಗಳನ್ನು ಶಾಲೆಯ ಮೆಟ್ಟಿಲು ಹತ್ತಿದ ಪ್ರತಿ ಕನ್ನಡಿಗನೂ ಬಲ್ಲ. ಆದರೆ ಒಂದು ತರಗತಿಯಲ್ಲಿ ಆ ಹೆಸರಿನ ಇಬ್ಬರು ಹುಡುಗರು ಸಿಗುವುದು ಕಷ್ಟ.

ಇಂಗ್ಲಿಷ್ ಕಾಗುಣಿತದ ತೊಡಕಿಗೆ ಹೆಚ್ಚಿನ ಗಮನ ಕೊಡಬೇಕು, ಏಕೆಂದರೆ ಮುಂದಿನ ತೊಂದರೆಗಳಲ್ಲಿ ಬಹುಪಾಲು ಇಲ್ಲಿಂದಲೇ ಹೊರಡುತ್ತವೆ. ‘ಋತ್ವಿಕ್’ ಎಂಬ ಹೆಸರನ್ನೇ ನೋಡಬಹುದು. ಕನ್ನಡದಲ್ಲೇ ಅದನ್ನು ರಿತ್ವಿಕ್, ರುತ್ವಿಕ್ ಎಂದು ಬರೆಯುವವರಿದ್ದಾರೆ. ಇಂಗ್ಲಿಷಿಗೆ ಬಂದರೆ ಋಕಾರಕ್ಕೆ ‘ಆರ್’ನ ಮುಂದೆ ‘ಐ’ ಹಾಕುವವರೂ ‘ಯು’ ಹಾಕುವವರೂ ಇದ್ದಾರೆ, ದಕ್ಷಿಣದವರು ‘ತ’ಕಾರಕ್ಕೆ ‘ಟಿ’ಯ ಜೊತೆ ‘ಎಚ್’ ಸೇರಿಸಿದರೆ ಉತ್ತರದವರು ಬರಿಯ ‘ಟಿ’ ಬರೆಯುತ್ತಾರೆ, ‘ವಿ’ಯೋ ‘ಡಬ್ಲ್ಯು’ವೋ ಎಂಬ ಪ್ರಶ್ನೆ ಬೇರೆ ಉಳಿಯುತ್ತದೆ. ಹೀಗೆ ಒಬ್ಬನೇ ಹುಡುಗನ ಹೆಸರು ಹಲವು ರೂಪ ತಾಳುತ್ತದೆ, ಮತ್ತು ಕಂಪ್ಯೂಟರಿಗೆ ಪ್ರತಿಯೊಂದು ರೂಪವೂ ಬೇರೆ ಮನುಷ್ಯನೇ ಆಗಿರುತ್ತದೆ. ಆದ್ದರಿಂದ ಹೆಸರು ಗೊತ್ತುಮಾಡಿದ ದಿನವೇ ಅದರ ಕನ್ನಡ ಮತ್ತು ಇಂಗ್ಲಿಷ್ ರೂಪಗಳೆರಡನ್ನೂ ಕಾಗದದ ಮೇಲೆ ಬರೆದು, ಅದೇ ಚೀಟಿಯನ್ನು ನೋಂದಣಿ ಕಚೇರಿಗೂ ಒಯ್ಯುವುದು ಕ್ಷೇಮ. ಸಂಖ್ಯಾಶಾಸ್ತ್ರದ ನಂಬಿಕೆಯಿಂದ ಅಕ್ಷರವೊಂದನ್ನು ಹೆಚ್ಚಿಗೆ ಸೇರಿಸಲು ಇಚ್ಛಿಸುವ ಕುಟುಂಬಕ್ಕೆ ಕಾನೂನಿನ ಅಡ್ಡಿಯಿಲ್ಲ. ಆದರೆ ಆ ಅಕ್ಷರ ಜನನ ಪ್ರಮಾಣಪತ್ರದಲ್ಲೇ ಬರಬೇಕು, ಹುಡುಗ ಶಾಲೆಗೆ ಸೇರಿದ ಮೇಲೆ ನೆನಪಾಗಿ ಸೇರಿಸುವಂಥದ್ದಲ್ಲ.

ಜನನ ಮರಣ ನೋಂದಣಿ ಅಧಿನಿಯಮ, 1969ರ ಚೌಕಟ್ಟಿನಲ್ಲಿ, ಮಗು ಹುಟ್ಟಿದ 21 ದಿನಗಳೊಳಗೆ ಸ್ಥಳೀಯ ನೋಂದಣಾಧಿಕಾರಿಗೆ ಜನನದ ಮಾಹಿತಿ ತಲುಪಬೇಕು. ಹೆರಿಗೆ ಆಸ್ಪತ್ರೆಯಲ್ಲಾದರೆ ಮಾಹಿತಿ ಕೊಡುವ ಹೊಣೆ ಅಲ್ಲಿನ ವೈದ್ಯಾಧಿಕಾರಿಯದು, ಮನೆಯಲ್ಲಾದರೆ ಮನೆಯ ಯಜಮಾನನದು. 21 ದಿನ ಮೀರಿ 30 ದಿನದವರೆಗೆ ವಿಳಂಬ ಶುಲ್ಕ ಸಾಕು. ಆಮೇಲೆ ಒಂದು ವರ್ಷದವರೆಗೆ ಜಿಲ್ಲಾ ನೋಂದಣಾಧಿಕಾರಿಯ ಅಥವಾ ನಿಯಮಿಸಲಾದ ಪ್ರಾಧಿಕಾರದ ಲಿಖಿತ ಅನುಮತಿ ಬೇಕು. ವರ್ಷ ಕಳೆದರೆ ದಂಡಾಧಿಕಾರಿಯ ಆದೇಶವೇ ಆಗಬೇಕು. ಹೆರಿಗೆ ವಾರ್ಡಿನಲ್ಲಿ ನಮೂನೆ ತುಂಬಿಸುವಾಗ ‘ಹೆಸರು ಹೇಳಿ’ ಎಂದು ಅವಸರಪಡಿಸಿದರೆ ಬಾಯಿಗೆ ಬಂದ ಹೆಸರು ಬರೆಸಬೇಕಾದ ಅಗತ್ಯ ಎಳ್ಳಷ್ಟೂ ಇಲ್ಲ, ಯಾಕೆಂದರೆ ಹೆಸರಿನ ಅಂಕಣವನ್ನು ಖಾಲಿ ಬಿಟ್ಟೇ ಜನನವನ್ನು ನೋಂದಾಯಿಸಬಹುದು. ಹಾಗೆ ನೋಂದಾಯಿಸಿದ ಮಗುವಿನ ಹೆಸರನ್ನು ಅಧಿನಿಯಮದ 14ನೇ ಪ್ರಕರಣದ ಮೇರೆಗೆ ತಂದೆ, ತಾಯಿ ಅಥವಾ ಪೋಷಕರು ನೋಂದಣಿಯ ದಿನಾಂಕದಿಂದ 12 ತಿಂಗಳೊಳಗೆ ಮೌಖಿಕವಾಗಿಯೋ ಲಿಖಿತವಾಗಿಯೋ ತಿಳಿಸಿ ಸೇರಿಸಬಹುದು. ಅವಧಿ ಮೀರಿದರೆ ವಿಳಂಬ ಶುಲ್ಕ ತೆತ್ತು 15 ವರ್ಷಗಳವರೆಗೂ ಸೇರಿಸಲು ಅವಕಾಶವಿದೆ. ನಾಮಕರಣ ಹನ್ನೊಂದನೆಯ ದಿನಕ್ಕಾಗಲಿ ಮೂರನೆಯ ತಿಂಗಳಿಗಾಗಲಿ, ಹಿರಿಯರೊಂದಿಗೆ ಕೂತು ಯೋಚಿಸಲು ಈ ವರ್ಷವೊಂದು ಬೇಕಾದಷ್ಟಾಯಿತು.

ಈ ಅಧಿನಿಯಮದ 2023ರ ತಿದ್ದುಪಡಿ ಜಾರಿಯಾದ ಮೇಲೆ ಹೆಸರನ್ನು ಮೊದಲೇ ಸರಿಯಾಗಿ ಬರೆಸುವ ಎಚ್ಚರಿಕೆಯ ಮಹತ್ವ ಹೆಚ್ಚಿದೆ. 2023ರ ಅಕ್ಟೋಬರ್ 1ರಂದು ಅಥವಾ ಅನಂತರ ಹುಟ್ಟಿದವರಿಗೆ ಶಾಲಾ ಪ್ರವೇಶ, ಆಧಾರ್, ಚಾಲನಾ ಪರವಾನಗಿ, ಮತದಾರರ ಪಟ್ಟಿ, ವಿವಾಹ ನೋಂದಣಿ, ಸರಕಾರಿ ನೌಕರಿ ಇವೆಲ್ಲಕ್ಕೂ ಹುಟ್ಟಿದ ದಿನಾಂಕ ಮತ್ತು ಸ್ಥಳದ ಪುರಾವೆಯಾಗಿ ಜನನ ಪ್ರಮಾಣಪತ್ರವೇ ನಿಲ್ಲುತ್ತದೆ. ಆಧಾರ್‌ನಲ್ಲಿಯಂತೂ ಹೆಸರಿನ ತಿದ್ದುಪಡಿಗೆ ಸಾಮಾನ್ಯವಾಗಿ ಜೀವಮಾನದಲ್ಲಿ ಎರಡೇ ಬಾರಿ ಅವಕಾಶ.

ಕರ್ನಾಟಕದ ಇನಿಷಿಯಲ್ ಪದ್ಧತಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಹಚ್ಚಿಕೊಳ್ಳುವುದು ಇಲ್ಲಿ ರೂಢಿಯಾದರೂ, ಪಾನ್ ಕಾರ್ಡಿನ ಅರ್ಜಿಯಲ್ಲಿ ಹೆಸರನ್ನು ಸಂಕ್ಷೇಪಿಸದೆ ಪೂರ್ತಿಯಾಗಿ ಬರೆಯಬೇಕು, ಪಾಸ್‌ಪೋರ್ಟ್ ಹೆಸರು ಮತ್ತು ಉಪನಾಮಗಳನ್ನು ಬೇರೆ ಬೇರೆ ಅಂಕಣಗಳಲ್ಲಿ ಕೇಳುತ್ತದೆ. ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಷ್ಟೇ ಇರುವವರಿಗೆ ಸಂಯುಕ್ತ ಅರಬ್ ಸಂಸ್ಥಾನವು 2022ರ ನವೆಂಬರ್‌ನಿಂದ ಪ್ರವಾಸಿ ವೀಸಾ ನಿರಾಕರಿಸತೊಡಗಿದುದು ದುಡಿಮೆಗೆ ಕೊಲ್ಲಿ ರಾಷ್ಟ್ರಗಳನ್ನು ನಂಬಿರುವ ಕರಾವಳಿಯ ಕುಟುಂಬಗಳಿಗೆ ನೇರವಾಗಿ ತಟ್ಟುವ ಸಂಗತಿ. ಇನಿಷಿಯಲ್‌ಗಳನ್ನು ಬಿಡಿಸಿ ಬರೆಸುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ.

ಹೆಸರಿನ ವಿಷಯದಲ್ಲಿ ತಂದೆತಾಯಿ ಒಮ್ಮತಕ್ಕೆ ಬಾರದಿದ್ದರೆ ಅಂತಿಮವಾಗಿ ನ್ಯಾಯಾಲಯ ಮಗುವಿನ ಹಿತವನ್ನು ನೋಡುತ್ತದೆ. ಮೈಸೂರು ಜಿಲ್ಲೆಯ ಹುಣಸೂರಿನಲ್ಲಿ ದಂಪತಿಯ ನಡುವಣ ಇಂಥದೇ ಜಗಳದಿಂದ ಹೆಸರಿಲ್ಲದೆ ಬೆಳೆದಿದ್ದ ಗಂಡುಮಗುವಿಗೆ 2024ರ ಡಿಸೆಂಬರ್‌ನಲ್ಲಿ ನ್ಯಾಯಾಲಯದಲ್ಲೇ ನಾಮಕರಣವಾಯಿತು. ತಾಯಿ ಒಬ್ಬಳೇ ಮಗುವನ್ನು ಸಾಕುತ್ತಿದ್ದರೆ ಅವಳ ಪ್ರಮಾಣಿತ ಹೇಳಿಕೆ, ಅಂದರೆ ಅಫಿಡವಿಟ್, ಸಾಕೆಂದೂ ಅದರ ಆಧಾರದಲ್ಲೇ ಜನನ ಪ್ರಮಾಣಪತ್ರ ಕೊಡಬೇಕೆಂದೂ 2015ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿರ್ದೇಶಿಸಿದೆ; ತಂದೆ ತೀರಿಕೊಂಡ ಮಗುವಿನ ಉಪನಾಮವನ್ನು ನಿರ್ಧರಿಸುವ ಹಕ್ಕು ತಾಯಿಯದೆಂದು 2022ರಲ್ಲಿ ಹೇಳಿದೆ. ಅವಿವಾಹಿತ ತಾಯಿಯನ್ನು ಕಚೇರಿಯಿಂದ ಕಚೇರಿಗೆ ಅಲೆದಾಡಿಸುವುದು 2015ರ ತೀರ್ಪಿನ ಉಲ್ಲಂಘನೆಯೇ ಸರಿ.

ದಾಖಲಾದ ಹೆಸರನ್ನು ಮುಟ್ಟುವಾಗ ದೋಷಕ್ಕೂ ಬದಲಾವಣೆಗೂ ಇರುವ ವ್ಯತ್ಯಾಸ ಮುಖ್ಯವಾಗುತ್ತದೆ. ಅಧಿನಿಯಮದ 15ನೇ ಪ್ರಕರಣವು ತಪ್ಪಾಗಿ ಅಥವಾ ಮೋಸದಿಂದ ಆದ ನಮೂದನ್ನು ಸರಿಪಡಿಸಲು ಮಾತ್ರ ಅವಕಾಶ ಕೊಡುತ್ತದೆ. ಆಗಲೂ ಮೂಲ ನಮೂದನ್ನು ಹೊಡೆದುಹಾಕದೆ, ಅಂಚಿನಲ್ಲಿ ತಿದ್ದುಪಡಿಯನ್ನು ಬರೆದು ನೋಂದಣಾಧಿಕಾರಿ ದಿನಾಂಕ ಸಹಿತ ಸಹಿ ಹಾಕಬೇಕು. ಹೆಸರು ಸರಿಯಾಗಿಯೇ ದಾಖಲಾಗಿದ್ದು, ಜಾತಕದ ಕಾರಣಕ್ಕೋ ಮನಸ್ಸು ಬದಲಾದುದಕ್ಕೋ ಬೇರೆ ಹೆಸರು ಬೇಕೆಂದರೆ ಕಾಯಿದೆಯಲ್ಲಿ ದಾರಿಯೇ ಇರಲಿಲ್ಲ. ಈ ಕೊರತೆಯನ್ನು ನೀಗಿಸಲು ಕರ್ನಾಟಕ ಕಾನೂನು ಆಯೋಗವು 2013ರಲ್ಲೇ ತಿದ್ದುಪಡಿಗೆ ಶಿಫಾರಸು ಮಾಡಿತ್ತು. ಉಡುಪಿ ಜಿಲ್ಲೆಯ ಗಂಡುಮಗುವೊಂದರ ಹೆಸರು ಬದಲಿಸಲು ಅಧಿಕಾರಿಗಳು ಒಪ್ಪದಿದ್ದಾಗ ಪ್ರಕರಣ ಕರ್ನಾಟಕ ಹೈಕೋರ್ಟಿನ ಮುಂದೆ ಬಂತು. 2025ರ ಫೆಬ್ರುವರಿಯಲ್ಲಿ ಹೊರಬಿದ್ದ ತೀರ್ಪು ಆ ಶಿಫಾರಸನ್ನು ನೆನಪಿಸಿ, ಶಾಸನ ತಿದ್ದುಪಡಿಯಾಗುವವರೆಗೆ ತಾತ್ಕಾಲಿಕ ಕ್ರಮವೊಂದನ್ನು ಹಾಕಿಕೊಟ್ಟಿತು. ಅದರಂತೆ ತಂದೆತಾಯಿ ಸ್ವಇಚ್ಛೆಯಿಂದ ಹೆಸರು ಬದಲಿಸುತ್ತಿರುವುದಾಗಿ ಅಫಿಡವಿಟ್ ಸಲ್ಲಿಸಬೇಕು, ಅಧಿಕಾರಿ ಅವರ ಗುರುತನ್ನು ಪರಿಶೀಲಿಸಿ ಹೊಸ ಹೆಸರನ್ನು ನಮೂದಿಸಬೇಕು, ಮತ್ತು ಹಳೆಯ ಹೆಸರು ಹಾಗೂ ಕೋರಿಕೆಯ ಮೇರೆಗೆ ಬದಲಾದ ಹೆಸರು ಎರಡೂ ದಾಖಲೆಯಲ್ಲಿ ಕಾಣುವಂತಿರಬೇಕು. ಮೊದಲ ಹೆಸರು ಹೀಗೆ ಕಡತದಲ್ಲಿ ಉಳಿಯುವುದರಿಂದ ಗುರುತು ಮರೆಸುವ ದುರುಪಯೋಗಕ್ಕೂ ಆಸ್ಪದವಿರುವುದಿಲ್ಲ; ತಂದೆತಾಯಿಯ ಇಚ್ಛೆಗೂ ದಾಖಲೆಯ ವಿಶ್ವಾಸಾರ್ಹತೆಗೂ ಒಟ್ಟಿಗೆ ಮನ್ನಣೆ ಕೊಟ್ಟ ನ್ಯಾಯಯುತ ಏರ್ಪಾಡಿದು.

ನೋಂದಣಿ ಮುಗಿದ ಏಳು ದಿನಗಳೊಳಗೆ ಪ್ರಮಾಣಪತ್ರವನ್ನು ಮಾಹಿತಿ ನೀಡಿದವರಿಗೆ ಉಚಿತವಾಗಿ ಕೊಡಬೇಕೆಂಬುದು 2023ರ ತಿದ್ದುಪಡಿಯ ಇನ್ನೊಂದು ವಿಧಿ. ಪತ್ರ ಕೈಸೇರಿದ ತಕ್ಷಣ ಕನ್ನಡ, ಇಂಗ್ಲಿಷ್ ಎರಡರಲ್ಲೂ ಅಕ್ಷರಕ್ಕೆ ಅಕ್ಷರ ಓದಿ ನೋಡಬೇಕು. ನೋಂದಣಾಧಿಕಾರಿಯ ಕ್ರಮದಿಂದ ಅನ್ಯಾಯವಾಗಿದೆಯೆನಿಸಿದವರು 30 ದಿನಗಳೊಳಗೆ ಜಿಲ್ಲಾ ನೋಂದಣಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಅವರು ಅದನ್ನು 90 ದಿನಗಳೊಳಗೆ ತೀರ್ಮಾನಿಸಬೇಕು.