ಟೊಮೇಟೊ ಸಸಿಗೆ ಮಣ್ಣಿನಲ್ಲಿ ಕರಗುವ ಕುಡಿಕೆ



ಒಟ್ಲಿನಿಂದ ಟೊಮೇಟೊ ಸಸಿಯನ್ನು ಕಿತ್ತಾಗ ಅದರ ಬೇರನ್ನು ಹತ್ತಿರದಿಂದ ನೋಡಿದ್ದೀರಾ? ದಪ್ಪ ಬೇರು ಕೈಗೆ ಬರುತ್ತದೆ. ನೂಲಿನೆಳೆಯಂತಹ ಸಣ್ಣ ಬೇರುಗಳು ಹರಿದು ಒಟ್ಲಿನಲ್ಲೇ ಉಳಿಯುತ್ತವೆ. ಸಸಿಗೆ ನೀರು ಒದಗಿಸುವುದು ಆ ಸಣ್ಣ ಬೇರುಗಳೇ. ಆದುದರಿಂದಲೇ ನಾಟಿಯಾದ ಸಸಿ ತಲೆ ಬಾಗಿಸಿ, ಹೊಸ ಬೇರು ಬರುವ ತನಕ ಬೆಳೆಯದೆ ನಿಲ್ಲುತ್ತದೆ. ಬಿಸಿಲು ಜೋರಾಗಿದ್ದರೆ ಕೆಲವು ಸತ್ತೇ ಹೋಗುತ್ತವೆ. ಸಂಕರಣ ಬೀಜಕ್ಕೆ ದುಬಾರಿ ಬೆಲೆ ಕೊಟ್ಟವರಿಗೆ ಒಂದೊಂದು ಸಸಿಯೂ ಹಣವೇ ಅಲ್ಲವೇ?

ಸಸಿಯನ್ನು ಕೀಳದೆ, ಕುಡಿಕೆಯ ಸಮೇತ ನೆಟ್ಟರೆ ಈ ನಷ್ಟ ತಪ್ಪುತ್ತದೆ. ಕುಡಿಕೆ ಮಣ್ಣಿನಲ್ಲಿ ಕೊಳೆತು ಗೊಬ್ಬರವಾಗುತ್ತದೆ. ಬೇರು ಅದನ್ನು ತೂರಿ ಹೊರಗೆ ಹೋಗುತ್ತದೆ.

ಎಷ್ಟು ಕುಡಿಕೆ ಬೇಕು?

ಸಾಲಿನಿಂದ ಸಾಲಿಗೆ 3 ಅಡಿ, ಗಿಡದಿಂದ ಗಿಡಕ್ಕೆ 1½ ಅಡಿ ಬಿಟ್ಟರೆ ಒಂದು ಗುಂಟೆಗೆ ಸುಮಾರು 240 ಸಸಿ ಹಿಡಿಯುತ್ತದೆ. ಎಕರೆಗೆ ಲೆಕ್ಕ ಹಾಕಿದರೆ 9,600 ದಾಟುತ್ತದೆ. ಅಷ್ಟು ಕುಡಿಕೆ ಮಾಡುತ್ತ ಕೂರುವುದು ಆಗದ ಮಾತು. ಎಕರೆಗಟ್ಟಲೆ ಬೆಳೆಯುವವರಿಗೆ ಗುಳಿ ತಟ್ಟೆಯೇ ಸರಿ. ಹಿತ್ತಲಲ್ಲಿ ಅಥವಾ ಒಂದೆರಡು ಗುಂಟೆಯಲ್ಲಿ ಬೆಳೆಯುವವರಿಗೆ ಕಾಸು ಖರ್ಚಿಲ್ಲದ ಕುಡಿಕೆ ಅನುಕೂಲ.

ಕುಡಿಕೆ ಮಾಡುವ ಬಗೆ

ಹಳೆಯ ದಿನಪತ್ರಿಕೆಯ ಹಾಳೆಯನ್ನು ಉದ್ದಕ್ಕೆ 4 ಅಂಗುಲ ಅಗಲದ ಪಟ್ಟಿಗಳಾಗಿ ಹರಿಯಿರಿ. 2½ ಅಂಗುಲ ದಪ್ಪದ ಲೋಟಕ್ಕೆ ಒಂದು ಪಟ್ಟಿಯನ್ನು ಎರಡು ಸುತ್ತು ಸುತ್ತಿರಿ. ಲೋಟದ ತಳದಿಂದ ಆಚೆಗೆ ಒಂದೂವರೆ ಅಂಗುಲ ಬಿಟ್ಟು, ಅದನ್ನು ಒಳಕ್ಕೆ ಮಡಿಸಿ ನೆಲಕ್ಕೆ ಒತ್ತಿ ಲೋಟವನ್ನು ಎಳೆದುಕೊಳ್ಳಿರಿ. ಅಂಟು ಬೇಡ. ಮಣ್ಣು ತುಂಬಿದ ಕುಡಿಕೆಗಳನ್ನು ಒಂದು ಪೆಟ್ಟಿಗೆಯಲ್ಲಿ ಒತ್ತೊತ್ತಾಗಿ ನಿಲ್ಲಿಸಿದರೆ ಒಂದಕ್ಕೊಂದು ಆಸರೆಯಾಗುತ್ತವೆ.

ಮುತ್ತುಗದ ಎಲೆಯ ದೊನ್ನೆಯೂ ಆಗಬಹುದು. ಅಡಿಕೆ ಹಾಳೆಯ ಬಟ್ಟಲು ಮಾತ್ರ ಕೊಳೆಯಲು ಬಹಳ ಕಾಲ ಹಿಡಿಯುತ್ತದೆ. ಬೇರು ಅದನ್ನು ತೂರಲಾರದು. ಚಹಾ ಅಂಗಡಿಯ ಕಾಗದದ ಲೋಟದ ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಇರುತ್ತದೆ. ಅದನ್ನು ಹೊಲಕ್ಕೆ ಹೂಳಬೇಡಿರಿ. ನುಣುಪಾದ ಬಣ್ಣದ ಕಾಗದವೂ ಬೇಡ.

ಮಣ್ಣು ಮತ್ತು ಬಿತ್ತನೆ

ಜರಡಿ ಹಿಡಿದ ಕೆಮ್ಮಣ್ಣು 2 ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 1 ಪಾಲು, ಮರಳು 1 ಪಾಲು ಬೆರೆಸಿರಿ. ಟೊಮೇಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೆಳೆದ ಹೊಲದ ಮಣ್ಣು ತರಬೇಡಿರಿ. ಸೊರಗು ರೋಗವೂ ಜೊತೆಗೆ ಬಂದೀತು. ಗೊಬ್ಬರಕ್ಕೆ ಟ್ರೈಕೋಡರ್ಮಾ ಬೆರೆಸಿದರೆ ಸಸಿ ಕೊಳೆ ರೋಗಕ್ಕೆ ತಡೆಯಾಗುತ್ತದೆ.

ಕುಡಿಕೆಗೆ 2 ಬೀಜ, ಅರ್ಧ ಅಂಗುಲಕ್ಕಿಂತ ಆಳವಾಗದಂತೆ ಊರಿರಿ. ವಾರದ ಹೊತ್ತಿಗೆ ಮೊಳಕೆ ಕಾಣುತ್ತದೆ. ಎರಡೂ ಹುಟ್ಟಿದರೆ ಬಡಕಲು ಸಸಿಯನ್ನು ಕೀಳದೆ ಕತ್ತರಿಯಿಂದ ಕತ್ತರಿಸಿರಿ. ನೀರನ್ನು ಬೆಳಗಿನ ಹೊತ್ತು ಹಿತವಾಗಿ ಕೊಡಿರಿ. ಸದಾ ಕೆಸರಾಗಿದ್ದರೆ ಸಸಿಯ ಬುಡ ಕೊಳೆಯುತ್ತದೆ.

ಎಲೆ ಮುರುಟು ರೋಗವನ್ನು ಹರಡುವುದು ಬಿಳಿ ನೊಣ. ಆದ್ದರಿಂದ ಬಿತ್ತಿದ ದಿನದಿಂದಲೇ ಪೆಟ್ಟಿಗೆಯ ಮೇಲೆ ಸಣ್ಣ ಕಣ್ಣಿನ ನೈಲಾನ್ ಪರದೆ ಹೊದಿಸಿರಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಅರ್ಕಾ ರಕ್ಷಕ್ ತಳಿ ಎಲೆ ಮುರುಟು, ದುಂಡಾಣು ಸೊರಗು, ಎಲೆ ಅಂಗಮಾರಿ ಈ ಮೂರನ್ನೂ ತಡೆದುಕೊಳ್ಳುವಂಥದ್ದು.

ನಾನು ಮಾಡಿದ ತಪ್ಪು

ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಬಂದ ಮೊದಲ ವರ್ಷ ಒಬ್ಬ ರೈತರ ಹಿತ್ತಲಲ್ಲಿ 40 ಕುಡಿಕೆ ಸಸಿ ನೆಡಿಸಿದೆ. ಕುಡಿಕೆಯ ಅಂಚು ನೆಲದ ಮೇಲೆ ಒಂದು ಬೆರಳು ಕಾಣುವಂತೆ ಬಿಟ್ಟಿದ್ದೆ, ನೋಡಲು ಅಚ್ಚುಕಟ್ಟಾಗಿತ್ತು. ನಾಲ್ಕನೆಯ ದಿನ ಹೋಗಿ ನೋಡಿದರೆ ಅರ್ಧಕ್ಕರ್ಧ ಸಸಿ ಬಾಡಿದ್ದವು. “ದಿನಾ ನೀರು ಹಾಕಿದ್ದೇವಲ್ಲ ಸ್ವಾಮಿ” ಎಂದರು ಮನೆಯವರು. ಆ ಮನೆಯ ಅಜ್ಜಿ ಒಂದು ಕುಡಿಕೆಯನ್ನು ಅಗೆದು ಒಡೆದು, “ಹೊರಗೆ ಕೆಸರು, ಒಳಗೆ ಬರ” ಎಂದು ನನ್ನ ಕೈಗಿಟ್ಟರು. ಒಳಗಿನ ಮಣ್ಣು ಪುಡಿಪುಡಿಯಾಗಿತ್ತು.

ಕಾರಣ ಸರಳ. ಬತ್ತಿ ಎಣ್ಣೆಯನ್ನು ಎಳೆಯುವಂತೆ, ಹೊರಗೆ ನಿಂತ ಕಾಗದ ಒಳಗಿನ ತೇವವನ್ನು ಮೇಲಕ್ಕೆ ಎಳೆದು ಗಾಳಿಗೆ ಕೊಡುತ್ತದೆ. ಒಣಗಿದ ಕುಡಿಕೆ ಗಟ್ಟಿಯಾಗಿ ಬೇರಿಗೆ ಗೋಡೆಯಾಗುತ್ತದೆ. ಆ ಮನೆಯವರ ಬೀಜವೂ ದಿನಗಳೂ ನನ್ನ ಅಜಾಗ್ರತೆಯಿಂದ ಹೋದವು. ನಿಮಗೆ ಹಾಗಾಗದಿರಲಿ ಎಂದೇ ಇಷ್ಟು ಬರೆದೆ.

ನಾಟಿ ಮಾಡುವ ಕ್ರಮ

1. ಸಸಿ 25 ದಿನದ ಹೊತ್ತಿಗೆ ನಾಟಿಗೆ ಸಿದ್ಧ. ಅದಕ್ಕೆ ಮುಂಚಿನ 5 ದಿನ ನೀರು ಕಡಿಮೆ ಮಾಡಿ ಬಿಸಿಲಿಗೆ ಒಗ್ಗಿಸಿರಿ.

2. ನಾಟಿಯ ದಿನ ಸಂಜೆ ಕುಡಿಕೆಯನ್ನು ನೀರಿನಲ್ಲಿ ಇಟ್ಟು ಪೂರ್ತಿ ನೆನೆಸಿರಿ.

3. ಮಣ್ಣಿನಿಂದ ಮೇಲಿರುವ ಅಂಚನ್ನು ಹರಿದುಹಾಕಿರಿ. ತಳದ ಮಡಿಕೆಯನ್ನು ಬೆರಳಿನಿಂದ ಬಿಡಿಸಿರಿ.

4. ಕೆಳಗಿನ ಎಲೆಯ ಬುಡದವರೆಗೆ ಮಣ್ಣು ಬರುವಂತೆ ಆಳವಾಗಿ ನೆಡಿರಿ. ಟೊಮೇಟೊ ಕಾಂಡ ಮಣ್ಣಿನೊಳಗೆ ಬೇರು ಬಿಡುತ್ತದೆ. ಕಸಿ ಸಸಿಯಾದರೆ ಮಾತ್ರ ಕಸಿಯ ಗಂಟು ಮೇಲಿರಲಿ.

5. ಸುತ್ತ ಮಣ್ಣು ಒತ್ತಿ ಕೂಡಲೇ ನೀರು ಕೊಡಿರಿ. ಕಾಗದದ ಒಂದು ಚೂರೂ ಮೇಲೆ ಕಾಣಬಾರದು. ಮಳೆಗೆ ಮಣ್ಣು ಕೊಚ್ಚಿ ಅಂಚು ಕಂಡರೆ ಮತ್ತೆ ಮುಚ್ಚಿರಿ.

ನನ್ನ ಮಾತನ್ನು ಹಾಗೆಯೇ ನಂಬಬೇಕಾಗಿಲ್ಲ. ಈ ಸಲ 10 ಸಸಿ ಕುಡಿಕೆಯಲ್ಲಿ, 10 ಸಸಿ ಒಟ್ಲಿನಲ್ಲಿ ಬೆಳೆಸಿ ಅಕ್ಕಪಕ್ಕದ ಸಾಲಿಗೆ ನೆಡಿರಿ. ಹತ್ತನೆಯ ದಿನ ಎರಡರಿಂದಲೂ ಒಂದೊಂದನ್ನು ಅಗೆದು ಬೇರು ಹೋಲಿಸಿರಿ. ಯಾವುದು ಮೇಲೆಂದು ನಿಮ್ಮ ಕಣ್ಣೇ ಹೇಳುತ್ತದೆ. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆಯನ್ನು ನಾವು ಎಲೆ ನೋಡಿ ಹೇಳುತ್ತೇವೆ. ಇನ್ನು ಮುಂದೆ ಬೇರನ್ನೂ ನೋಡಿ ಹೇಳೋಣ.